ಗಡುವು ದಾಟಿದ ನೀರುಗಂಟಿ

ಹೋದ ಮುಂಗಾರಿನಲ್ಲಿ ನಮ್ಮ ನೀರುಗಂಟಿ ತೀರಿಕೊಂಡರು. ನಮ್ಮ ಎಂದೆನಲ್ಲ, ಅವರು ನನಗೆ ನೆಂಟರೂ ಅಲ್ಲ, ಊರಿನವರೂ ಅಲ್ಲ. ನಾನು ನಾಗಮಂಗಲದ ಕಡೆಯವಳು. ಮೂವತ್ತೆರಡನೇ ವಯಸ್ಸಿನಲ್ಲಿ ಪಾಂಡವಪುರ ತಾಲ್ಲೂಕಿನ ನಾಲೆ ಬಯಲಿನ ಒಂದು ಊರಿನ ಪ್ರೈಮರಿ ಶಾಲೆಗೆ ಟೀಚರಾಗಿ ಬಂದೆ. ಎರಡು ವರ್ಷ ಇದ್ದು ವರ್ಗ ಮಾಡಿಸಿಕೊಂಡು ಹೋಗುವುದೆಂದು ಬಂದವಳು ಇಂದಿಗೂ ಅಲ್ಲೇ ಇದ್ದೇನೆ. ಹಾಗೆ ಉಳಿದುಕೊಳ್ಳಲು ಅವರೂ ಒಂದು ಕಾರಣ.

ಅವರ ಹೆಸರು ಬರೆಯುವುದಿಲ್ಲ. "ಬರೀರಿ, ಹೆಸ್ರು ಮಾತ್ರ ಹಾಕ್ಬೇಡಿ. ಆಮೇಲೆ ಜನ ಮನೆ ಹುಡಿಕ್ಕಂಡ್ ಬತ್ತಾರೆ, ಕಾಪಿ ಕಾಯ್ಸೋಳು ನಾನು" ಎಂದು ಅವರ ಹೆಂಡತಿ ಹೇಳಿದ್ದಾರೆ. ಊರಿನಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ದೊಡ್ಡವರಿಗೆ ನೀರ್ಗಂಟಿ, ಚಿಕ್ಕವರಿಗೆ ನೀರ್ಗಂಟಣ್ಣ. ನಾಲೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಎಂದು ಸರದಿ ನೋಡಿ ಬಿಡುವ ಕೆಲಸ. ಗಿಡ್ಡ ಆಳು, ದಪ್ಪ ಕತ್ತು. ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ನಾಲೆ ಏರಿಯ ಮೇಲೆ ನಡೆಯುವಾಗ ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೇನೋ ಅನ್ನುವಷ್ಟು ಬಿರುಸು.

ನಾನು ಶಾಲೆಗೆ ಸೇರಿದ ಮೊದಲ ವಾರ. ಕಾಂಪೌಂಡಿನ ಆಚೆ ನಿಂತು, "ಟೀಚರಮ್ಮ, ನೀವು ರಿಟೈರ್ ಆಗಾದು ಯಾವಾಗ?" ಎಂದು ಕೇಳಿದರು.

"ಈಗ ತಾನೇ ಬಂದಿದೀನಿ. ಇನ್ನೂ ಇಪ್ಪತ್ತೆಂಟು ವರ್ಷ ಇದೆ."

"ನಂಗೆ ಇನ್ನ ಹದಿನಾಲ್ಕು ಕಣಮ್ಮ. ಐವತ್ತೆಂಟಕ್ಕೆ ನಂದು."

"ನಿಮ್ಮ ಇಲಾಖೆಯಲ್ಲಿ ಐವತ್ತೆಂಟಕ್ಕೇ ರಿಟೈರ್ ಮಾಡ್ತಾರಾ?"

"ರಿಟೈರ್ ಅಲ್ಲ ಕಣಮ್ಮ. ಸಾಯದು" ಎಂದರು. ಎಂದು ಸಲಿಕೆ ಹೆಗಲಿಗೇರಿಸಿ ಹೊರಟೇಬಿಟ್ಟರು.

ತಲೆ ಸರಿಯಿಲ್ಲದವರಿರಬೇಕೆಂದುಕೊಂಡೆ. ಮಧ್ಯಾಹ್ನ ಬಿಸಿಯೂಟದ ಅಡುಗೆಯಾಕೆಯನ್ನು ಕೇಳಿದರೆ, "ಊಂ ಕಣಮ್ಮ, ಅದು ಊರಿಗೆಲ್ಲ ಗೊತ್ತಿರೋದೇ" ಎಂದು ಸಾರಿಗೆ ಒಗ್ಗರಣೆ ಹಾಕಿದಳು.

ನಡೆದದ್ದು ಇಷ್ಟು. ಅವರಿಗೆ ಹನ್ನೆರಡು ತುಂಬಿದ ವರ್ಷ ವಿಷಮಶೀತ ಜ್ವರ ಬಂದು ಇಪ್ಪತ್ತು ದಿನ ಮಲಗಿದ್ದರಂತೆ. ಬದುಕುವುದಿಲ್ಲವೆಂದು ಎಲ್ಲರೂ ಕೈಬಿಟ್ಟಾಗ ತಾಯಿ ಮೇಲುಕೋಟೆ ಬೆಟ್ಟದ ಕೆಳಗಿನ ಒಂದು ಊರಿಗೆ ನಡೆದುಕೊಂಡು ಹೋಗಿ, ಅಲ್ಲಿದ್ದ ಮುದಿ ಜೋಯಿಸರ ಮುಂದೆ ಕೂತು ಅತ್ತರು. ಜೋಯಿಸರು ಲೆಕ್ಕ ಹಾಕಿ, "ಅಳಬೇಡ ತಾಯಿ. ನಿನ್ನ ಮಗನಿಗೆ ಐವತ್ತೆಂಟು ವರ್ಷ ಆಯಸ್ಸಿದೆ. ಆ ವರ್ಷದ ಕಾರ್ತಿಕ ಅಮಾವಾಸ್ಯೆ ದಾಟಲ್ಲ, ಅದರೊಳಗೆ ಅವನಿಗೇನೂ ಆಗಲ್ಲ" ಎಂದರು. ತಾಯಿ ಮನೆಗೆ ಬರುವಷ್ಟರಲ್ಲಿ ಜ್ವರ ಇಳಿದಿತ್ತು. ಸಮಾಧಾನಕ್ಕೆ ಹೇಳಿದ ಆ ಮಾತನ್ನು ತಾಯಿ ನಂಬಿದರು, ಮಗ ತಾಯಿಗಿಂತ ಗಟ್ಟಿಯಾಗಿ ನಂಬಿದ.

ಹೆಣ್ಣು ನೋಡಲು ಹೋದಾಗಲೂ ಕಾಪಿ ಲೋಟ ಕೆಳಗಿಡುವ ಮುಂಚೆಯೇ ಈ ವಿಷಯ ಹೇಳಿಬಿಡುತ್ತಿದ್ದರಂತೆ. ಎರಡು ಮನೆಯವರು ಎದ್ದು ಒಳಗೆ ಹೋದರು. ಮೂರನೆಯದು ಕೆ.ಆರ್. ಪೇಟೆ ಕಡೆಯ ಸಂಬಂಧ. ಬಾಗಿಲ ಹಿಂದೆ ನಿಂತಿದ್ದ ಹುಡುಗಿಯೇ ಈಚೆ ಬಂದು, "ನಮ್ಮಪ್ಪ ಯಾವತ್ತು ಓಯ್ತೀನಿ ಅಂತ ಯಾರ್ಗೂ ಹೇಳ್ದೆ, ನಂಗೆ ಆರು ವರ್ಷ ಇದ್ದಾಗ ಮನೆ ಬುಟ್ಟು ಓದ. ಇವ್ರು ಹೇಳಿ ಓಯ್ತಾವ್ರಲ್ಲ, ಆಗ್ಲಿ" ಎಂದಳು. ಆಕೆಯೇ ಅವರ ಹೆಂಡತಿ. ನಾನು ಅಕ್ಕ ಎಂದೇ ಕರೆಯುವುದು. ಮುಂದೆ ಒಬ್ಬಳು ಮಗಳು ಹುಟ್ಟಿ, ಬೆಳೆದು, ಬೆಳ್ಳೂರಿಗೆ ಮದುವೆಯಾಗಿ ಹೋದಳು.

ಸಾಯುವ ದಿನ ಗೊತ್ತಿರುವವರು ಹೇಗೆ ಬದುಕುತ್ತಾರೆ ಎಂದು ನನಗೆ ಕುತೂಹಲವಿತ್ತು. ತೀರ್ಥಯಾತ್ರೆ, ಹರಕೆ, ಒಳ್ಳೆ ಊಟ, ಏನಾದರೂ ವಿಶೇಷ ಇರಬಹುದೆಂದು ನೋಡಿದರೆ, ಏನೂ ಇಲ್ಲ. ಅವರು ನಾಳೆ ಎನ್ನುತ್ತಿರಲಿಲ್ಲ, ಅಷ್ಟೇ. ಶಾಲೆಯ ಕೊಳಾಯಿ ಸೋರುತ್ತಿದೆ ಎಂದರೆ ಅರ್ಧ ಗಂಟೆಯಲ್ಲಿ ವಾಷರ್ ಹಿಡಿದು ಬಂದಿರುತ್ತಿದ್ದರು. ಯಾರ ಜೊತೆಯಾದರೂ ಜಗಳವಾದರೆ ಮೂರನೆಯ ದಿನ ತಾವೇ ಹೋಗಿ ಅವರ ಜಗಲಿ ಮೇಲೆ ಕೂರುತ್ತಿದ್ದರು. "ತಪ್ಪು ನಿಂದೇ ಕಣ್ಲಾ, ಆದ್ರೂ ಬಂದಿವ್ನಿ. ಎಲೆ ಅಡ್ಕೆ ಕೊಡು" ಎನ್ನುತ್ತಿದ್ದರಂತೆ.

ಭಯ ಎಂಬುದು ಅವರ ಮೈಯಲ್ಲಿ ಇರಲಿಲ್ಲ. ನಾಲೆಯ ಕೊನೆ ಭಾಗದ ಸಣ್ಣ ಹಿಡುವಳಿಯವರಿಗೆ ನೀರು ಮುಟ್ಟುವುದೇ ಅಪರೂಪ. ಮೇಲಿನವರು ರಾತ್ರೋರಾತ್ರಿ ತೂಬು ಎತ್ತಿಕೊಂಡು ಬಿಡುತ್ತಾರೆ. ಇವರು ನೀರುಗಂಟಿಯಾದ ಮೇಲೆ ಅದು ನಿಂತಿತು. ಒಂದು ಸಲ ಬಲವಾದ ಕುಳವೊಬ್ಬರು ಕೈಯಲ್ಲಿ ಮಚ್ಚು ಹಿಡಿದುಕೊಂಡೇ ಬಂದು ತೂಬಿನ ಮೇಲೆ ಕಾಲಿಟ್ಟರು. ತೂಬು ಶಾಲೆಯ ಬೆನ್ನಿಗೇ ಇತ್ತು, ನಾನು ಕಿಟಕಿಯಿಂದ ನೋಡುತ್ತಿದ್ದೆ. ನೀರುಗಂಟಿ ಕೂತಲ್ಲಿಂದ ಏಳಲಿಲ್ಲ. "ಅಣ್ಣ, ನಂಗೆ ಇನ್ನ ಹನ್ನೊಂದು ವರ್ಷ ಐತೆ. ಆ ಮಚ್ಚ ಮನೇಲಿಟ್ಟು ಬಾ, ಸುಮ್ಕೆ ಕೈ ನೋಯ್ತದೆ" ಎಂದರು. ಆ ಮನುಷ್ಯ ತೂಬಿನ ಮೇಲಿಂದ ಕಾಲು ತೆಗೆದು ಹೊರಟುಹೋದರು. ಆ ವರ್ಷ ಕೊನೆಯ ಗದ್ದೆಗೂ ಭತ್ತ ಬಂತು.

ನಾಲೆಗೆ ಬಿದ್ದವರನ್ನು ಎತ್ತುವುದೂ ಅವರೇ. ಬಟ್ಟೆ ಒಗೆಯುವಾಗ ಜಾರಿದವರು, ತಿರುವಿನಲ್ಲಿ ಬೈಕು ತಪ್ಪಿದವರು, ಬೇಕೆಂದೇ ಬಿದ್ದವರು. ಒಮ್ಮೆ ಪಾಂಡವಪುರದ ಸಂತೆಯಿಂದ ಬರುತ್ತಿದ್ದ ಆಟೋ ಏರಿಯಿಂದ ಉರುಳಿತು. ಗಂಡ, ಹೆಂಡತಿ ಇಬ್ಬರನ್ನೂ ಎಳೆದು ದಡಕ್ಕೆ ಹಾಕಿದರು. ಆ ಹೆಂಗಸು ಉಸಿರು ಬಂದ ಕೂಡಲೇ, "ಅಯ್ಯೋ ನನ್ ಮೇಕೆ" ಎಂದಳು. ಇವರು ಮೇಕೆಗೂ ಹಾರಿದರು. ನೀರು ಸುಳಿ ಸುತ್ತುತ್ತಿತ್ತು. ದಡದ ಮೇಲಿದ್ದ ಎಲ್ಲರೂ ಬೇಡ ಬೇಡ ಎಂದು ಕೂಗುತ್ತಿದ್ದಾಗ ಎಷ್ಟೋ ದೂರದಲ್ಲಿ ಮೇಕೆಯ ಕಿವಿ ಹಿಡಿದುಕೊಂಡು ಎದ್ದರು.

ಅಕ್ಕನಿಗೆ ಕೆಂಡದಂಥ ಕೋಪ. "ಸಾವು ಬರಾಕಿಲ್ಲ ಸರಿ. ಕೈಕಾಲು ಮುರಿಯಾಕಿಲ್ಲ ಅಂತ್ಲೂ ಜೋಯಿಸ್ರು ಬರ್ಕೊಟ್ಟವ್ರಾ?"

ಅವರು ತಲೆ ಒರೆಸಿಕೊಳ್ಳುತ್ತ, "ಅದ ಕೇಳ್ನೇ ಇಲ್ವಲ್ಲ ನಮ್ಮವ್ವ" ಎಂದರು.

ಹೀಗೇ ಹದಿನಾಲ್ಕು ವರ್ಷ ಕಳೆಯಿತು. ಕೊನೆಯ ವರ್ಷ ಬಂದಾಗ ಊರು ಅವರಿಗಿಂತ ಹೆಚ್ಚು ಚಡಪಡಿಸಿತು. ಅವರು ಮಾತ್ರ ಒಂದೊಂದೇ ಕೆಲಸ ಮುಗಿಸುತ್ತ ಹೋದರು. ಹಸುವನ್ನು ಮಗಳ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದರು. ಅಕ್ಕನಿಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸುವುದನ್ನು ಕಲಿಸಿದರು. ಗದ್ದೆ ಬದುವಿನಲ್ಲಿ ತಮ್ಮನ್ನು ಹೂಳಬೇಕಾದ ಜಾಗಕ್ಕೆ ನಾಲ್ಕು ಗೂಟ ಹೊಡೆದರು. ಅವರ ಮುಖ ನೋಡಿದರೆ ಬೇಸಿಗೆ ರಜೆಗೆ ಕೊಠಡಿ ಗುಡಿಸಿ ಬೀಗ ಹಾಕುವ ಜವಾನನ ಮುಖದ ಹಾಗಿತ್ತು.

ಕಾರ್ತಿಕ ಅಮಾವಾಸ್ಯೆ ಬಂತು. ಬೆಳಿಗ್ಗೆ ಬಸ್ಸಿನಿಂದಲೇ ನೆಂಟರು ಇಳಿಯತೊಡಗಿದರು. ಕೆ.ಆರ್. ಪೇಟೆಯಿಂದ ಅಕ್ಕನ ಕಡೆಯವರು, ಶ್ರೀರಂಗಪಟ್ಟಣದಿಂದ ನೀರುಗಂಟಿಯ ಅಣ್ಣ, ಬೆಳ್ಳೂರಿನಿಂದ ಮಗಳು ಅಳಿಯ. ಅಕ್ಕ ಮೂವತ್ತು ಜನಕ್ಕೆ ಅಡುಗೆಗಿಟ್ಟಿದ್ದರು. ಅವರು ಕ್ಷೌರ ಮಾಡಿಸಿಕೊಂಡು, ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಹಜಾರದಲ್ಲಿ ಚಾಪೆ ಮೇಲೆ ಕೂತಿದ್ದರು. ಬಂದವರೆಲ್ಲ ಕಾಲಿಗೆ ಬಿದ್ದು, ಅತ್ತು, ಊಟ ಮಾಡಿ, ಮತ್ತೆ ಬಂದು ಎದುರಿಗೆ ಕೂರುತ್ತಿದ್ದರು. ಮೂರು ಗಂಟೆಯಾಯಿತು. ನಾಲ್ಕಾಯಿತು. ಅವರು ಒಮ್ಮೆ ಸೀನಿದರು. ಮನೆ ತುಂಬ ಗೊಳೋ ಎಂದು ಅಳು ಎದ್ದಿತು. ಏನೂ ಆಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರ ಅಣ್ಣನಿಗೆ ಸಹನೆ ತಪ್ಪಿತು. "ಏನ್ಲಾ, ಕಡೇ ಬಸ್ಸು ಓಯ್ತದೆ, ನಾನ್ ಇರದಾ ಓಗದಾ?"

ಮಾರನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋದ ಮೇಲೆ ನೋಡುತ್ತೇನೆ, ಗೇಟಿನ ಹತ್ತಿರ ಅವರು. ಅದೇ ಬಿಳಿ ಪಂಚೆ. ಸಲಿಕೆ ಇಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದವರಂತೆ ನಿಂತಿದ್ದರು.

"ಟೀಚರಮ್ಮ," ಎಂದರು, "ಈಗೇನ್ ಮಾಡದು?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆಗ ನನಗೆ ನಾಚಿಕೆಯಾಯಿತು.

ಆಮೇಲಿನ ಎಂಟು ತಿಂಗಳು ಆ ಮನುಷ್ಯನನ್ನು ನೋಡಲಾಗುತ್ತಿರಲಿಲ್ಲ. ಐವತ್ತೆಂಟು ವರ್ಷ ಬಾರದಿದ್ದ ಭಯವೆಲ್ಲ ಒಟ್ಟಿಗೆ ಬಂದಿತ್ತು. ಕೆಮ್ಮಿದರೆ ಆಸ್ಪತ್ರೆಗೆ ಓಡುತ್ತಿದ್ದರು. ರಸ್ತೆ ದಾಟಲು ಯಾರದಾದರೂ ತೋಳು ಹಿಡಿಯುತ್ತಿದ್ದರು. ಹಾವಿನ ಭಯಕ್ಕೆ ಹಗಲಲ್ಲೂ ನೆಲ ಕುಟ್ಟಿಕೊಂಡು ನಡೆಯುತ್ತಿದ್ದರು. ತೂಬಿನ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು, ನಾಲೆ ಏರಿಯ ಮೇಲೆ ಕಾಲಿಡುವುದನ್ನೇ ಬಿಟ್ಟರು. ಅಂಗಡಿ ಮುಂದೆ ಕೂತವರು, "ಏನ್ ನೀರ್ಗಂಟಣ್ಣ, ಇವತ್ತು ಇದ್ದೀಯಾ?" ಎಂದು ಕೇಳಿ ನಗುತ್ತಿದ್ದರು.

"ನೀವೆಲ್ಲ ಇಂಗೇ ಬದುಕ್ತಿದ್ರಾ ಟೀಚರಮ್ಮ?" ಎಂದು ಅವರು ಒಂದು ದಿನ ಅಂಗಡಿಯ ಮುಂದೆ ನನ್ನನ್ನು ಕೇಳಿದರು. "ದಿನಾ ಗೊತ್ತಿಲ್ದಂಗೆ? ಮಕ್ಳನ್ನ ಇಸ್ಕೂಲಿಗೆ ಕಳ್ಸಿ, ಬಸ್ಸತ್ತಿ, ಮದ್ವೆ ಮಾಡಿ, ಎಲ್ಲಾನೂ ಗೊತ್ತಿಲ್ದಂಗೇನಾ?"

"ಹೌದು."

"ಎಂತಾ ಗುಂಡ್ಗೆ ನಿಮ್ದು!" ಎಂದರು. ಅಣಕವಿರಲಿಲ್ಲ ಅದರಲ್ಲಿ. ನಿಜವಾಗಿಯೂ ಬೆರಗಾಗಿ ನನ್ನನ್ನು, ಅಂಗಡಿಯವನನ್ನು, ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನನ್ನು ಒಬ್ಬೊಬ್ಬರನ್ನಾಗಿ ನೋಡಿದರು.

ಆಷಾಢದ ಒಂದು ಬೆಳಿಗ್ಗೆ, ಹನ್ನೊಂದು ಗಂಟೆ ಇರಬಹುದು, ಏರಿಯ ಕಡೆಯಿಂದ ದೊಡ್ಡ ಸದ್ದಾಯಿತು. ಆಮೇಲೆ ಕೂಗು. ಮಕ್ಕಳನ್ನು ಕೊಠಡಿಯಲ್ಲೇ ಕೂರಿಸಿ ಬಾಗಿಲು ಹಾಕಿ ಓಡಿದೆ. ಒಂದು ಕಾರು ತಿರುವಿನಲ್ಲಿ ತಪ್ಪಿ ತುಂಬು ನಾಲೆಗೆ ಬಿದ್ದಿತ್ತು. ಹಿಂದಿನ ಗಾಜಷ್ಟೇ ನೀರಿನ ಮೇಲೆ ಕಾಣುತ್ತಿತ್ತು. ಒಳಗಿನಿಂದ ಯಾರೋ ಗಾಜಿಗೆ ಬಡಿಯುತ್ತಿದ್ದರು. ಹತ್ತಿಪ್ಪತ್ತು ಜನ ಸೇರಿದ್ದರು, ಕೆಲವರು ಹಗ್ಗ ತರಲು ಓಡಿದ್ದರು, ಉಳಿದವರೆಲ್ಲ ಒಂದೇ ಕಡೆ ತಿರುಗಿ ನೋಡುತ್ತಿದ್ದರು. ಅಲ್ಲಿ ಅವರು ನಿಂತಿದ್ದರು. ಸದ್ದು ಕೇಳಿ ಮನೆಯಿಂದ ಓಡಿ ಬಂದಿದ್ದರು. ಎಂಟು ತಿಂಗಳ ಮೇಲೆ ಮೊದಲ ಸಲ ಏರಿಯ ಮೇಲೆ.

ನನ್ನನ್ನು ನೋಡಿದರು.

"ಟೀಚರಮ್ಮ, ಭಯ ಆಯ್ತದೆ" ಎಂದರು.

ಹೋಗಿ ಎನ್ನಲು ನಾನ್ಯಾರು? ಬೇಡ ಎನ್ನಲು ಗಾಜು ಬಡಿಯುವ ಸದ್ದು ಬಿಡಲಿಲ್ಲ. ಅವರು ಪಂಚೆಯನ್ನು ಎತ್ತಿ ಕಚ್ಚೆ ಕಟ್ಟಿದರು. ಬೆರಳು ನಡುಗಿ ಕಚ್ಚೆ ಎರಡು ಸಲ ಜಾರಿತು. ಮೂರನೆಯ ಸಲ ಕಟ್ಟಿ, ಬಗ್ಗಿ ಒಂದು ಕಲ್ಲು ಹುಡುಕಿ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಹಾರಿದರು.

ಮೊದಲು ಬಂದದ್ದು ಒಬ್ಬ ವಯಸ್ಸಾದ ಹೆಂಗಸು. ಹಗ್ಗ ಬಂದಿತ್ತು, ಎಳೆದುಕೊಂಡರು. ಅವರು ದಡ ಹತ್ತಲಿಲ್ಲ, ಮತ್ತೆ ಮುಳುಗಿದರು. ಎರಡನೆಯ ಸಲ ಮಗುವನ್ನು ಎದೆಗೆ ಅವಚಿಕೊಂಡಿದ್ದ ತಾಯಿ. ಇಬ್ಬರೂ ಒಂದೇ ಗಂಟಿನ ಹಾಗೆ ಬಂದರು. ಮೂರನೆಯ ಸಲ ಇಳಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ನಾನು ಉಸಿರು ಹಿಡಿದು ನಿಂತಿದ್ದೆ. ನನ್ನ ಉಸಿರು ಮುಗಿದು ನಾನೇ ಕೆಮ್ಮಿದೆ, ಅವರು ಎದ್ದಿರಲಿಲ್ಲ. ಕೊನೆಗೆ ತೂಬಿನ ಹತ್ತಿರ ಕೈ ಕಂಡಿತು. ಗಾಡಿ ಓಡಿಸುತ್ತಿದ್ದ ಗಂಡಸನ್ನೂ ಎಳೆದು ತಂದಿದ್ದರು. ಅವನು ಬದುಕಲಿಲ್ಲ. ಮೂವರು ಬದುಕಿದರು.

ಅಕ್ಕ ಓಡಿ ಬಂದಾಗ ಅವರು ದಡದ ಮೇಲೆ ಬೋರಲು ಮಲಗಿ ನೀರು ಕಾರುತ್ತಿದ್ದರು. ಅಕ್ಕ ಬೈಯಲಿಲ್ಲ. ಪಕ್ಕದಲ್ಲಿ ಕೂತು ಸೆರಗಿನಿಂದ ಬೆನ್ನು ಒರೆಸಿದರು, ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

ಒಂದು ವಾರದ ಮೇಲೆ ಅವರೇ ಹೇಳಿದರು: "ಮೊದ್ಲು ನಾನ್ ಬೀಳ್ತಿದ್ದದ್ದು ಧೈರ್ಯ ಅಲ್ಲ ಟೀಚರಮ್ಮ. ವಾಪಸ್ ಬರಾದು ಗೊತ್ತಿದ್ದು ಓಗಾದು ಎಂತಾ ಧೈರ್ಯ? ಊರ್ನೋರು ಸುಮ್ಕೆ ಹೊಗಳ್ಬುಟ್ರು. ಮೊನ್ನೆ ಒಂದ್ ದಿನಾನೇ ನಾನು ನಿಜವಾಗ್ಲೂ ನೀರ್ಗೆ ಬಿದ್ದಿದ್ದು." ಆಮೇಲೆ, "ಆ ಗಂಡ್ಸು ಸೀಟ್ ಬೆಲ್ಟಲ್ ಸಿಕ್ಕಾಕಂಡಿದ್ದ. ನನ್ ಕೈ ನಡುಗ್ದೆ ಇದ್ದಿದ್ರೆ ಬುಡಿಸ್ಬೋದಿತ್ತೇನೋ" ಎಂದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅದು ಅವರೊಳಗೆ ಉಳಿದಿತ್ತೆಂದು ನನಗೆ ಗೊತ್ತು.

ಮುಂದಿನ ತಿಂಗಳೇ ಶಾಲೆಗೆ ಬಂದು ಹೊಸ ವರಾತ ತೆಗೆದರು. ಊರಿನ ಮಕ್ಕಳಿಗೆಲ್ಲ ಈಜು ಕಲಿಸಬೇಕು. "ನಾನ್ ಇವತ್ತಿದ್ದು ನಾಳೆ ಇಲ್ಲ. ನಾಲೆ ಅಂತೂ ನಾಳೆನೂ ಅರೀತದೆ" ಎಂದರು. ಊರ ಹಿಂದಿನ ಕಟ್ಟೆಯಲ್ಲಿ ಎದೆಮಟ್ಟದ ನೀರಿರುವ ಕಡೆ ಬಿದಿರು ನೆಟ್ಟು ಗಡಿ ಕಟ್ಟಿದರು. ಖಾಲಿ ಎಣ್ಣೆ ಕ್ಯಾನುಗಳನ್ನು ಮಕ್ಕಳ ಬೆನ್ನಿಗೆ ಕಟ್ಟಿ ಭಾನುವಾರ ಭಾನುವಾರ ಇಳಿಸಿದರು. ಗಂಡುಮಕ್ಕಳು ಬಂದರು. ಹೆಣ್ಣುಮಕ್ಕಳನ್ನು ಯಾರೂ ಕಳಿಸಲಿಲ್ಲ. "ಒಗೆಯೋಕೆ ನಾಲೆಗೆ ಓಗೋರು ಯಾರು? ಹೆಣ್ಮಕ್ಳಲ್ವಾ? ಅವ್ರಿಗೇ ಮೊದ್ಲು ಬರ್ಬೇಕು" ಎಂದು ಅವರು ಮನೆಮನೆಗೆ ಹೋಗಿ ಜಗಳವಾಡಿದರು. ಕೊನೆಗೆ ನನ್ನ ಮುಂದೆ ನಿಂತು, "ನೀವಿಳೀರಿ, ಅವು ಬತ್ತವೆ" ಎಂದರು.

ನನಗೆ ನಲವತ್ತೇಳು ತುಂಬಿತ್ತು. ಚೂಡಿದಾರ್ ಮೇಲೆ ದುಪಟ್ಟ ಬಿಗಿದು, ಬೆನ್ನಿಗೆ ಎಣ್ಣೆ ಕ್ಯಾನು ಕಟ್ಟಿಕೊಂಡು ನನ್ನ ಶಾಲೆಯ ಮಕ್ಕಳ ಎದುರಿಗೇ ಕಟ್ಟೆಗಿಳಿದೆ. ಅಕ್ಕ ನೀರಿನಲ್ಲಿ ನಿಂತು ಕೈ ಹಿಡಿಯುವುದು, ಅವರು ಮೆಟ್ಟಿಲ ಮೇಲೆ ಕೂತು ಕೂಗುವುದು. "ಕಾಲ್ ಬಡೀರಿ ಟೀಚರಮ್ಮ! ಮಕ್ಳು ನಗ್ಲಿ ಬುಡಿ, ನಕ್ಕಂಡೇ ಕಲೀತವೆ!" ಮೂರನೆಯ ಭಾನುವಾರ ಹನ್ನೊಂದು ಹೆಣ್ಣುಮಕ್ಕಳು ಬಂದರು. ಈ ಏಳು ವರ್ಷದಲ್ಲಿ ನಮ್ಮ ಶಾಲೆಯಿಂದ ಈಜು ಬಾರದ ಮಗು ಹೈಸ್ಕೂಲಿಗೆ ಹೋಗಿಲ್ಲ.

ಆ ಏಳು ವರ್ಷ ಅವರು ನಮ್ಮೆಲ್ಲರ ಹಾಗೆಯೇ ಬದುಕಿದರು. ಮುನಿಸಿಕೊಂಡರೆ ವಾರಗಟ್ಟಲೆ ಮಾತು ಬಿಡುತ್ತಿದ್ದರು. ನಾಳೆ ಎನ್ನುವುದನ್ನೂ ಕಲಿತರು. ಬೆಳ್ಳೂರಿನಿಂದ ಹಸುವನ್ನು ವಾಪಸ್ಸು ತಂದರು. ಗದ್ದೆ ಬದುವಿನ ನಾಲ್ಕು ಗೂಟಗಳಿಗೆ ಒಂದು ದಿನ ಅವರೆಕಾಯಿ ಬಳ್ಳಿ ಹಬ್ಬಿಸಿದರು.

ಹೋದ ಮುಂಗಾರಿನಲ್ಲಿ, ಒಂದು ಮಂಗಳವಾರ, ಬೆಳಿಗ್ಗೆ ಉಪ್ಪಿಟ್ಟು ತಿಂದು, ಗದ್ದೆಗೆ ಹೊರಡಲು ಜಗಲಿಯ ಮೇಲೆ ಕೂತು ಚಪ್ಪಲಿ ಮೆಟ್ಟುತ್ತಿದ್ದರಂತೆ. ಒಂದು ಕಾಲಿಗೆ ಹಾಕಿದ್ದರು. "ಲೇ, ಇವತ್ತು ಮಧ್ಯಾಹ್ನಕ್ಕೆ" ಎಂದರಂತೆ ಒಳಗಿದ್ದ ಅಕ್ಕನಿಗೆ. ಆಮೇಲೆ ಮಾತಿಲ್ಲ. ಅಕ್ಕ ಈಚೆ ಬಂದು ನೋಡುವಷ್ಟರಲ್ಲಿ ಕಂಬಕ್ಕೆ ಒರಗಿದ್ದರು.

ಸಂಜೆಯೊಳಗೆ ಮಣ್ಣು ಮಾಡಿದೆವು. ಮಾರನೆಯ ದಿನ ಬೆಳಿಗ್ಗೆ ನಾನು ಅಕ್ಕನ ಜೊತೆಗಿರಲು ಹೋದೆ. ಹೆಂಗಸರೆಲ್ಲ ಗೋಡೆಗೊರಗಿ ಕೂತಿದ್ದರು. ಅಕ್ಕ ಅಳುತ್ತಿರಲಿಲ್ಲ. ಮನೆಯನ್ನು ತೋರಿಸಿದರು. ಕೊಟ್ಟಿಗೆಯ ಸೂರು ಅರ್ಧ ಬಿಚ್ಚಿ ಅರ್ಧ ಹಂಚು ಹೊದಿಸಿತ್ತು. ಟ್ರಂಕಿನ ಮೇಲೆ ಮೊಮ್ಮಗಳ ನಾಮಕರಣಕ್ಕೆ ತಮಗೆಂದು ತಂದು ಹೊಲಿಸದೆ ಬಿಟ್ಟ ಶರಟಿನ ಬಟ್ಟೆ. ಶ್ರೀರಂಗಪಟ್ಟಣದ ಅಣ್ಣನ ಮೇಲೆ ಹತ್ತು ದಿನದಿಂದ ಮುನಿಸು, ಮಾತಾಡದೆಯೇ ಹೋಗಿದ್ದರು. ಅಣ್ಣ ಅಂಗಳದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಅವತ್ತು ಅಮಾಸೆ ದಿನ ಓಗಿದ್ರೆ ಎಲ್ಲಾ ಮುಗಿಸಿ ಓಗಿರೋರು ಟೀಚರಮ್ಮ. ಮನೆ ಬಣಬಣ ಅಂತಿತ್ತು, ಗುಡಿಸಿ ಇಟ್ಟಂಗೆ" ಎಂದರು ಅಕ್ಕ. "ಈಗ ನೋಡಿ, ಯಾವ್ದೂ ಮುಗ್ದಿಲ್ಲ. ಎಲ್ಲಿ ನೋಡಿದ್ರೂ ಅವ್ರೇ ಅವ್ರೆ."

ಆಗ ಅವರ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಗೋಣಿಚೀಲವೊಂದರ ಮೇಲೆ ಕಲ್ಲು ಹೇರಿತ್ತು. ಅಕ್ಕ ಎದ್ದು ಹೋಗಿ ಕಲ್ಲು ತೆಗೆದು, ಚೀಲದ ಬಾಯಿ ಬಿಚ್ಚಿ ಒಳಗೆ ಕೈಯಿಟ್ಟರು. ಮುಷ್ಟಿ ತೆರೆದಾಗ ಅಂಗೈ ತುಂಬ ಭತ್ತ. ಪ್ರತಿ ಕಾಳಿನ ತುದಿಯಲ್ಲೂ ಬಿಳಿಯ ಮೊಳಕೆ. ನೆನೆಸಿ, ಸಾಯುವ ಹಿಂದಿನ ದಿನ ಕಟ್ಟಿಟ್ಟಿದ್ದ ಬಿತ್ತನೆ. ಪೈರಿನ ಮಡಿಯನ್ನೂ ಉತ್ತು ನೀರು ಕಟ್ಟಿದ್ದರು.

ಅಕ್ಕ ಚೀಲವನ್ನು ಸೊಂಟಕ್ಕೇರಿಸಿಕೊಂಡು ಅಂಗಳಕ್ಕಿಳಿದರು.

"ಏನವ್ವಾ ಇದು? ಮೂರ್ ದಿನದ ಹಾಲುತುಪ್ಪ ಆಗಿಲ್ಲ, ಸೂತಕದಲ್ಲಿ ಬಿತ್ತನೆಗೆ ಕೈ ಹಾಕ್ತಾರಾ?" ಎಂದು ಅಣ್ಣ ಎದ್ದು ನಿಂತರು.

"ಬಾವ, ನಾಳಿಕ್ಕೆ ಇದು ಕೊಳೀತದೆ. ನೀವು ಆ ಕಡೆ ಒಂದ್ ಕೈ ಹಿಡೀರಿ" ಎಂದರು ಅಕ್ಕ.

ಅಣ್ಣ ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿ ಚೀಲದ ಇನ್ನೊಂದು ತುದಿ ಹಿಡಿದುಕೊಂಡರು. ನಾನು ಹಿಂದೆ ಹೋದೆ. ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ. ಅಕ್ಕ ಸೀರೆ ಎತ್ತಿ ಕಟ್ಟಿ ಮೊಣಕಾಲಿನವರೆಗೂ ಕೆಸರಿಗಿಳಿದರು. ಮುಷ್ಟಿ ತುಂಬಿ, ತೋಳು ಬೀಸಿ ಎರಚಿದರು. ತೆಳು ನೀರಿನ ಮೇಲೆ ಕಾಳು ಬಿದ್ದ ಕಡೆಯೆಲ್ಲ ಸಣ್ಣ ಸಣ್ಣ ಬಳೆಗಳೆದ್ದವು. ಅವು ಅಳಿಸಿಹೋಗುವ ಮೊದಲೇ ಇನ್ನೊಂದು ಮುಷ್ಟಿ ಬಿತ್ತು.